ಸ್ಕೂಲ್ ಡಿಸ್ಟ್ರಿಕ್ಟ್‌ನವರು ನಿಜವಾಗಿ ನಮ್ಮ ಮಾತು ಕೇಳುತ್ತಾರಾ, ಇಲ್ಲ ಸುಮ್ನೆ ಸಭೆ ಕರೆಯುತ್ತಾರಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಾವು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿದ್ದೇವೆ. ಮಗಳು ಮೂರನೇ ಕ್ಲಾಸು. ಅವಳ ಸ್ಕೂಲು ಮುಚ್ಚುವ ಪಟ್ಟಿಯಲ್ಲಿದೆ. ಡಿಸ್ಟ್ರಿಕ್ಟ್, ಅಂದರೆ ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ, ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ನನಗೆ ಜಗಳ ಬೇಡ, ಉತ್ತರ ಬೇಕು.

ನಿನ್ನೆ ಸಂಜೆ ಅಭಿಪ್ರಾಯ ಕೇಳುವ ಸಭೆ ಇತ್ತು. ಸ್ಕೂಲಿನ ಊಟದ ಹಾಲ್‌ನಲ್ಲಿ ದುಂಡು ಟೇಬಲ್‌ಗಳು, ಪ್ರತಿ ಟೇಬಲ್ ಮೇಲೆ ಒಂದು ದೊಡ್ಡ ಚಾರ್ಟು, ಮಾರ್ಕರ್ ಪೆನ್ನು, ಎಲ್ಲರ ಕೈಗೂ ಬಣ್ಣದ ಚುಕ್ಕಿ ಸ್ಟಿಕ್ಕರ್. ಗೋಡೆಯ ಮೇಲೆ ಎ, ಬಿ, ಸಿ ಅಂತ ಮೂರು ಪ್ಲಾನು. ನಿಮಗೆ ಇಷ್ಟವಾದ ಪ್ಲಾನಿನ ಮೇಲೆ ಚುಕ್ಕಿ ಅಂಟಿಸಿ ಅಂದರು. ನಾನು ಮೂರನ್ನೂ ಓದಿದೆ. ಮೂರರಲ್ಲೂ ನಮ್ಮ ಸ್ಕೂಲು ಮುಚ್ಚುತ್ತದೆ. ನಮ್ಮ ಮಕ್ಕಳು ಎಲ್ಲಿಗೆ ಹೋಗುತ್ತಾರೆ ಅನ್ನುವುದು ಮಾತ್ರ ಬೇರೆ ಬೇರೆ. ಮುಚ್ಚಬೇಡಿ ಅನ್ನುವವರು ಚುಕ್ಕಿ ಎಲ್ಲಿ ಅಂಟಿಸಬೇಕು ಅಂತ ಕೇಳಿದೆ. ಸಭೆ ನಡೆಸಲು ಕನ್ಸಲ್ಟಿಂಗ್ ಕಂಪನಿಯಿಂದ ಬಂದಿದ್ದ ಹುಡುಗಿ ತುಂಬಾ ಮರ್ಯಾದೆಯಿಂದಲೇ ಹೇಳಿದಳು, ಆ ಮಾತನ್ನು ಮೂಲೆಯಲ್ಲಿರುವ ಬೇರೆ ಹಾಳೆಯ ಮೇಲೆ ಬರೆಯಿರಿ ಅಂತ. ಆ ಹಾಳೆ ಅರ್ಧ ಗಂಟೆಯಲ್ಲಿ ತುಂಬಿಹೋಯಿತು. ಆಮೇಲೆ ಅದನ್ನು ಸುತ್ತಿ ತೆಗೆದುಕೊಂಡು ಹೋದರು.

ಅದಾದ ಮೇಲೆ ಬೋರ್ಡಿನವರ, ಅಂದರೆ ಡಿಸ್ಟ್ರಿಕ್ಟ್‌ನ ತೀರ್ಮಾನ ಮಾಡುವ ಸದಸ್ಯರ, ಮುಂದೆ ಮಾತಾಡುವ ಸರದಿ. ಜನ ಜಾಸ್ತಿ ಇದ್ದಾರೆ ಅಂತ ಒಬ್ಬೊಬ್ಬರಿಗೆ ಒಂದೇ ನಿಮಿಷ. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು, ಸ್ಪ್ಯಾನಿಷ್ ಮಾತಾಡುವವರು, ಇಬ್ಬರು ಮೊಮ್ಮಕ್ಕಳನ್ನು ಅವರೇ ಸಾಕುತ್ತಿದ್ದಾರೆ. ಅನುವಾದ ಮಾಡುವವರು ಅವರ ಎರಡನೇ ವಾಕ್ಯವನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಕೈಯಲ್ಲಿದ್ದ ಚೀಟಿಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಬಂದು ಕೂತರು. ನನಗೆ ನಿದ್ದೆ ಬಂದಿಲ್ಲ. ಬೋರ್ಡಿನವರು ಒಬ್ಬರೂ ಒಂದು ಮಾತೂ ಆಡಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಜನ ಮಾತಾಡಿದ್ದರಿಂದ ಪ್ಲಾನು ಬದಲಾದದ್ದನ್ನು ಯಾರಾದರೂ ಕಣ್ಣಾರೆ ಕಂಡಿದ್ದೀರಾ? ನಿಮ್ಮ ಊರಿನ ಅನುಭವ ಏನಿದ್ದರೂ ಬರೆಯಿರಿ.

ಲೆಕ್ಕದ ಮನುಷ್ಯ:

ಓದಿ ಬೇಜಾರಾಯಿತು ಅಕ್ಕ. ಆದರೂ ಇನ್ನೊಂದು ಕಡೆಯ ವಿಷಯವನ್ನೂ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಹಣ ಹಂಚುವ ಹೊಸ ಸೂತ್ರ ಇದೆ. ಬಹಳಷ್ಟು ಡಿಸ್ಟ್ರಿಕ್ಟ್‌ಗಳಿಗೆ ಹಣ ಬರುವುದು ದಿನಾ ಎಷ್ಟು ಮಕ್ಕಳು ಹಾಜರಿದ್ದಾರೆ ಅನ್ನುವ ಸರಾಸರಿ ಮೇಲೆ. ಕಟ್ಟಡ ಎಷ್ಟಿದೆ ಅನ್ನುವುದರ ಮೇಲೆ ಅಲ್ಲ. 2019-20ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 61 ಲಕ್ಷಕ್ಕೂ ಜಾಸ್ತಿ ಮಕ್ಕಳಿದ್ದರು. 2023-24ಕ್ಕೆ ಅದು 58 ಲಕ್ಷದ ಆಸುಪಾಸಿಗೆ ಬಂತು. ಹುಟ್ಟುವ ಮಕ್ಕಳು ಕಡಿಮೆ, ಮನೆ ಬಾಡಿಗೆ ಕೊಡಲಾಗದೆ ಚಿಕ್ಕ ಮಕ್ಕಳಿರುವ ಸಂಸಾರಗಳು ಊರು ಬಿಡುತ್ತಿವೆ. ಆರುನೂರು ಮಕ್ಕಳಿಗೆ ಕಟ್ಟಿದ ಸ್ಕೂಲಿನಲ್ಲಿ ಇನ್ನೂರೈವತ್ತು ಮಕ್ಕಳಿದ್ದರೂ ಒಬ್ಬ ಪ್ರಿನ್ಸಿಪಾಲ್ ಬೇಕು, ಆಫೀಸಿನಲ್ಲಿ ಒಬ್ಬರು ಬೇಕು, ಕಸ ಗುಡಿಸುವವರು ಬೇಕು, ಚಾವಣಿ ಸೋರಿದರೆ ರಿಪೇರಿ ಬೇಕು. ಆ ಹಣ ಇನ್ನೊಂದು ಸ್ಕೂಲಿನ ಟೀಚರ್ ಸಂಬಳದಿಂದಲೇ ಬರಬೇಕು. ಬೋರ್ಡಿನವರು ಸುಳ್ಳು ಹೇಳುತ್ತಿಲ್ಲ.

ಆದ್ದರಿಂದ ಕೇಳುವುದು ಬೇರೆ, ಹೇಳಿದಂತೆ ಮಾಡುವುದು ಬೇರೆ. ಎಲ್ಲ ಸ್ಕೂಲಿನವರೂ ನಮ್ಮದು ಬೇಡ ಅಂದರೆ ಅವರು ಏನು ಮಾಡಬೇಕು?

ತುಂಗಾತೀರ:

ನಿಮ್ಮ ಮಾತು ಒಪ್ಪುತ್ತೇನೆ. ಈ ಲೆಕ್ಕವನ್ನೇ ಸಭೆಯಲ್ಲಿ ನಮ್ಮ ಮುಂದೆ ಇಟ್ಟಿದ್ದರೆ ಸಾಕಾಗಿತ್ತು. ನಮ್ಮ ಸ್ಕೂಲು ಮುಚ್ಚಿದರೆ ವರ್ಷಕ್ಕೆ ಎಷ್ಟು ಉಳಿಯುತ್ತದೆ ಅಂತ ಮೂರು ಜನ ಕೇಳಿದೆವು. ಆಮೇಲೆ ಹೇಳುತ್ತೇವೆ ಅಂದರು. ಲೆಕ್ಕ ಆಮೇಲೆ ಬರುವುದಾದರೆ ಚುಕ್ಕಿ ಈಗಲೇ ಯಾಕೆ ಅಂಟಿಸಬೇಕು?

ಚಳಿಯೂರಿನವಳು:

ನಾನು 2013ರಲ್ಲಿ ಶಿಕಾಗೋದಲ್ಲಿ ಇದ್ದೆ. ಮಕ್ಕಳಿನ್ನೂ ಆಗಿರಲಿಲ್ಲ, ಆದರೆ ನಮ್ಮ ಬೀದಿಯ ತುಂಬ ಅದೇ ಮಾತು. ಆ ವರ್ಷ ಮೊದಲು 129 ಶಾಲೆಗಳ ಪಟ್ಟಿ ಬಂತು. ಮಾರ್ಚಿನಲ್ಲಿ ಅದು 54 ಆಯಿತು. ಮೇ 22ರಂದು ಬೋರ್ಡು ವೋಟು ಹಾಕಿ 50 ಶಾಲೆ ಮುಚ್ಚಲು ಒಪ್ಪಿತು. ಅಮೆರಿಕದಲ್ಲಿ ಒಂದೇ ಸಲಕ್ಕೆ ಇಷ್ಟು ಶಾಲೆ ಮುಚ್ಚಿದ್ದು ಅಲ್ಲಿಯವರೆಗೆ ಇರಲಿಲ್ಲ.

ಸಭೆಗಳು ಕಡಿಮೆ ಆಗಿದ್ದವು ಅಂತ ಯಾರೂ ಹೇಳುವ ಹಾಗಿಲ್ಲ. ಊರೆಲ್ಲ ಸಭೆ. ಸಾವಿರಾರು ಜನ ಬಂದರು. ಪ್ರತಿ ಶಾಲೆಯ ವಿಚಾರಣೆಗೆ ನಿವೃತ್ತ ನ್ಯಾಯಾಧೀಶರನ್ನು ಕೂರಿಸಿದ್ದರು. ಅವರಲ್ಲಿ ಕೆಲವರು ಕಾಗದ ಓದಿ, ಜನರ ಮಾತು ಕೇಳಿ, ಈ ಶಾಲೆ ಮುಚ್ಚುವುದು ಸರಿಯಲ್ಲ ಅಂತ ಬರೆದುಕೊಟ್ಟರು. ಆದರೂ ಅವುಗಳಲ್ಲಿ ಹೆಚ್ಚಿನವು ಮುಚ್ಚಿದವು. ಮುಚ್ಚಿದ ಶಾಲೆಗಳ ಮಕ್ಕಳಲ್ಲಿ ಬಹುಪಾಲು ಕಪ್ಪು ಜನರ ಮಕ್ಕಳು. ಆ ಬೋರ್ಡಿನವರನ್ನು ಜನ ಆರಿಸಿದ್ದೂ ಅಲ್ಲ. ಮೇಯರ್ ನೇಮಿಸಿದ್ದು. ಮುಂದಿನ ಸಲ ನಿಮಗೆ ವೋಟು ಹಾಕುವುದಿಲ್ಲ ಅಂತ ಹೇಳಲೂ ಜನರಿಗೆ ದಾರಿ ಇರಲಿಲ್ಲ. ನನಗೆ ಅದೇ ದೊಡ್ಡ ವ್ಯತ್ಯಾಸ ಅನ್ನಿಸುತ್ತದೆ. ಅಲ್ಲಿ ಈಗ ಚುನಾವಣೆ ಶುರುವಾಗಿದೆ, 2024ರ ನವೆಂಬರಿನಲ್ಲಿ ಮೊದಲ ಸಲ ಜನ ಕೆಲವು ಸದಸ್ಯರನ್ನು ಆರಿಸಿದರು.

ಆದರೆ ಒಂದು ಶಾಲೆ ಮಾತ್ರ ಹಿಂದಕ್ಕೆ ಬಂತು. ಡಯೆಟ್ ಹೈಸ್ಕೂಲ್ ಅಂತ, ದಕ್ಷಿಣ ಶಿಕಾಗೋದಲ್ಲಿ. ಅದನ್ನು ಮೆಲ್ಲಗೆ ಮುಚ್ಚುತ್ತೇವೆ ಅಂತ 2012ರಲ್ಲೇ ತೀರ್ಮಾನ ಆಗಿತ್ತು. 2015ರಲ್ಲಿ ಹನ್ನೆರಡು ಜನ, ಅಪ್ಪ ಅಮ್ಮಂದಿರು, ಅಜ್ಜಿಯರು, ಶಾಲೆಯ ಪಕ್ಕದ ಹುಲ್ಲಿನ ಮೇಲೆ ಉಪವಾಸ ಕೂತರು. 34 ದಿನ. ಮರು ವರ್ಷ ಶಾಲೆ ಮತ್ತೆ ತೆರೆಯಿತು. ಒಂದು ಶಾಲೆ ಉಳಿಸಿಕೊಳ್ಳಲು 34 ದಿನ ಊಟ ಬಿಡಬೇಕು ಅಂದರೆ ಅದನ್ನು ಕೇಳುವುದು ಅನ್ನಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಸೀಬೆಮರ:

ಚಳಿಯೂರಿನವರೇ, ಅದಕ್ಕೆ ಉಲ್ಟಾ ಕಥೆ ನಮ್ಮ ಸಿಯಾಟಲ್‌ನದು. 2024ರ ಸೆಪ್ಟೆಂಬರಿನಲ್ಲಿ ಎರಡು ಪ್ಲಾನು ಮುಂದಿಟ್ಟರು. ಒಂದರಲ್ಲಿ 21 ಶಾಲೆ ಮುಚ್ಚುವುದು, ಇನ್ನೊಂದರಲ್ಲಿ 17. ಊರೆಲ್ಲ ಎದ್ದಿತು. ಅಕ್ಟೋಬರಿಗೆ ಅದು 4 ಶಾಲೆಗೆ ಇಳಿಯಿತು. ನವೆಂಬರಿನಲ್ಲಿ ಅದನ್ನೂ ಬಿಟ್ಟರು. ಅದೇ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 13 ಶಾಲೆಗಳ ಪಟ್ಟಿ ಹೊರಗೆ ಬಂದು, ಎರಡು ವಾರ ಆಗುವುದರೊಳಗೆ ಅಲ್ಲಿಯ ಸೂಪರಿಂಟೆಂಡೆಂಟ್, ಅಂದರೆ ಡಿಸ್ಟ್ರಿಕ್ಟ್‌ನ ಮುಖ್ಯ ಅಧಿಕಾರಿ, ಹುದ್ದೆ ಬಿಟ್ಟರು, ಪ್ಲಾನು ನಿಂತಿತು.

ಹಾಗಾದರೆ ಜನ ಗೆದ್ದರು ಅಲ್ವಾ? ಆ ರಾತ್ರಿ ನಾನೂ ಖುಷಿಪಟ್ಟೆ. ಆಮೇಲೆ ಯೋಚನೆ ಬಂತು. ಹಣದ ಕೊರತೆ ಇದ್ದ ಹಾಗೇ ಇದೆ. ಇಪ್ಪತ್ತೊಂದರಿಂದ ಸೊನ್ನೆಗೆ ಎರಡು ತಿಂಗಳಲ್ಲಿ ಬರುವುದಾದರೆ, ಆ ಇಪ್ಪತ್ತೊಂದು ಅನ್ನುವುದು ಯಾವ ಲೆಕ್ಕದಲ್ಲಿ ಬಂತು? ಮೊದಲೇ ನಮ್ಮನ್ನು ಕೂರಿಸಿಕೊಂಡು ಮಾತಾಡಿದ್ದರೆ ಬಹುಶಃ ಮೂರೋ ನಾಲ್ಕೋ ಶಾಲೆಗೆ ಜನರೇ ಒಪ್ಪುತ್ತಿದ್ದರು. ಗದ್ದಲಕ್ಕೆ ಹೆದರಿ ಹಿಂದೆ ಸರಿದದ್ದು ಕೇಳಿದ ಹಾಗೆ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಮುಂದಿನ ವರ್ಷ ಮತ್ತೆ ಅದೇ ಪಟ್ಟಿ ಬರಬಹುದು ಅನ್ನುವ ಭಯದಲ್ಲಿ ಜನ ಇನ್ನೂ ಇದ್ದಾರೆ.

ಡಲ್ಲಾಸ್ ಹುಬ್ಬಳ್ಳಿ:

ನಾನು ಟೆಕ್ಸಸ್‌ನಲ್ಲಿ ಒಂದು ಡಿಸ್ಟ್ರಿಕ್ಟ್‌ನ ಪ್ಲಾನಿಂಗ್ ಕಮಿಟಿಯಲ್ಲಿ ಕೂತಿದ್ದೆ, ಒಂದೂವರೆ ವರ್ಷ. ಹೆಸರು ಬೇಡ. ಪಕ್ಕದ ಪ್ಲೇನೋದಲ್ಲಿ 2024ರಲ್ಲಿ ನಾಲ್ಕು ಶಾಲೆ ಮುಚ್ಚಲು ವೋಟು ಹಾಕಿದರಲ್ಲ, ಅಲ್ಲಿಯೂ ಊರಿನವರ ಕಮಿಟಿ ಕೂತೇ ಶಿಫಾರಸು ಮಾಡಿದ್ದು. ನಮ್ಮದೂ ಅದೇ ತರಹದ್ದು. ಒಳಗೆ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಮೊದಲ ಮೂರು ಸಭೆ ಬರೀ ಪಾಠ. ಸ್ಲೈಡ್ ಮೇಲೆ ಸ್ಲೈಡ್. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳು, ಮುಂದಿನ ಹತ್ತು ವರ್ಷಕ್ಕೆ ಎಷ್ಟಾಗಬಹುದು, ಯಾವ ಕಟ್ಟಡದ ಏಸಿ ಹಾಳಾಗಿದೆ. ನಮ್ಮಲ್ಲಿ ಅರ್ಧ ಜನಕ್ಕೆ ಅದರ ಭಾಷೆಯೇ ಗೊತ್ತಿರಲಿಲ್ಲ. ಪ್ರಶ್ನೆ ಕೇಳಲು ಸಂಕೋಚ. ನಾಲ್ಕನೇ ಸಭೆಗೆ ಮ್ಯಾಪ್ ತಂದು ಟೇಬಲ್ ಮೇಲೆ ಹರಡಿದರು. ಅಷ್ಟರಲ್ಲಿ ಯಾವ ಶಾಲೆ ಅನ್ನುವುದು ಹೆಚ್ಚುಕಡಿಮೆ ಆಗಿಹೋಗಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಕ್ಕಳು ಇಷ್ಟಕ್ಕಿಂತ ಕಡಿಮೆ, ಕಟ್ಟಡಕ್ಕೆ ಇಷ್ಟು ವರ್ಷಕ್ಕಿಂತ ಜಾಸ್ತಿ ಅಂತ ಮಾನದಂಡ ಹಾಕಿಕೊಂಡ ದಿನವೇ ಪಟ್ಟಿ ಸಿದ್ಧವಾಯಿತು. ಆ ಮಾನದಂಡ ಹಾಕಿದ್ದು ಎರಡನೇ ಸಭೆಯಲ್ಲಿ, ಹದಿನೈದು ನಿಮಿಷದಲ್ಲಿ, ನಾವೆಲ್ಲ ತಲೆ ಆಡಿಸಿದೆವು. ನನ್ನದೂ ತಪ್ಪಿದೆ.

ಆದರೆ ಬದಲಾಗಿದ್ದೂ ಇದೆ, ಅದನ್ನು ಹೇಳದಿದ್ದರೆ ಮೋಸ ಆಗುತ್ತದೆ. ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಅನ್ನುವ ಹೊಸ ಗಡಿ ಎಳೆದಾಗ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದ ಮಕ್ಕಳು ಇನ್ನೊಂದು ಶಾಲೆಗೆ ಬಿದ್ದರು. ಮ್ಯಾಪಿನಲ್ಲಿ ಒಂದು ಮೈಲಿಯೂ ಇಲ್ಲ, ಹಾಗಾಗಿ ಬಸ್ ಇಲ್ಲ, ನಡೆದು ಹೋಗಬೇಕು. ಅಲ್ಲಿ ಇರುವ ಒಬ್ಬ ತಾಯಿ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಬಂದರು. ಬೆಳಗ್ಗೆ ಏಳೂಕಾಲು, ಆರು ಲೇನಿನ ರಸ್ತೆ, ಸಿಗ್ನಲ್ ಬಿದ್ದು ಮಗು ಅರ್ಧ ದಾಟುವಷ್ಟರಲ್ಲಿ ಬಲಕ್ಕೆ ತಿರುಗುವ ಟ್ರಕ್. ಎರಡು ನಿಮಿಷದ ವಿಡಿಯೋ. ಇಡೀ ಕೋಣೆ ಸುಮ್ಮನಾಯಿತು. ಮುಂದಿನ ಸಭೆಗೆ ಆ ಗೆರೆ ಬದಲಾಗಿ ಬಂತು.

ಆ ವಿಡಿಯೋ ನನಗೆ ಒಂದು ಪಾಠ ಕಲಿಸಿತು. ನೂರು ಜನ ಬೇಡ ಬೇಡ ಅಂದದ್ದು ಅವರಿಗೆ ಒಂದೇ ಮಾತಾಗಿ ಕೇಳಿಸುತ್ತದೆ. ತಮಗೆ ಗೊತ್ತಿಲ್ಲದ ಒಂದು ವಿಷಯವನ್ನು ಒಬ್ಬರು ಹೇಳಿದರೆ ಅದು ಬೇರೆಯಾಗಿ ಕೇಳಿಸುತ್ತದೆ.

ತುಂಗಾತೀರ:

ನೀವು ಬರೆದದ್ದನ್ನು ಎರಡು ಸಲ ಓದಿದೆ. ಮಾನದಂಡ ಹಾಕಿದ ದಿನವೇ ಪಟ್ಟಿ ಸಿದ್ಧವಾಯಿತು ಅನ್ನುವ ಮಾತು ಎದೆಗೆ ನಾಟಿತು. ನಮ್ಮಲ್ಲೂ ಹಾಗೇ ಆಗಿರಬೇಕು. ಕಳೆದ ವರ್ಷ ಏನೋ ಒಂದು ಮಾನದಂಡದ ಸಭೆ ಅಂತ ಇಮೇಲ್ ಬಂದಿತ್ತು. ಓದದೆ ಬಿಟ್ಟೆ.

ಎರಡು ಮಕ್ಕಳ ಅಪ್ಪ:

ನಾನು ಒಂದು ವಿಷಯ ನೇರವಾಗಿ ಹೇಳುತ್ತೇನೆ. ಇಲ್ಲಿ ನಮ್ಮ ಜನ ಮನೆ ತೆಗೆದುಕೊಳ್ಳುವುದೇ ಸ್ಕೂಲು ನೋಡಿ. ಹತ್ತು ವರ್ಷದ ಉಳಿತಾಯ, ಊರಿನಲ್ಲಿ ಅಪ್ಪ ಮಾರಿದ ಸೈಟಿನ ಹಣ, ಎಲ್ಲ ಸೇರಿಸಿ ಈ ಗಡಿಯೊಳಗೆ ಮನೆ ತೆಗೆದುಕೊಂಡೆವು. ಈಗ ಒಂದು ಸಂಜೆ ಗೆರೆ ಎಳೆದು ನೀವು ಆಚೆ ಅಂದರೆ ಹೇಗೆ? ಮನೆ ಬೆಲೆ ಬಗ್ಗೆ ಮಾತಾಡಿದರೆ ಸ್ವಾರ್ಥಿ ಅನ್ನುತ್ತಾರೆ. ಆದರೆ ಆ ಗಡಿ ನಂಬಿಕೊಂಡೇ ಅಲ್ವಾ ನಾವು ಸಾಲ ಮಾಡಿದ್ದು? ನಮ್ಮ ಮಾತನ್ನೂ ಕೇಳಬೇಕು.

ಕಾವೇರಿ ಕಣಿವೆ:

ಅಣ್ಣ, ನಿಮ್ಮ ಕಷ್ಟ ಅರ್ಥವಾಗುತ್ತದೆ, ನಮ್ಮದೂ ಅದೇ ಕಥೆ. ಆದರೆ ನನಗೆ ಎರಡು ವರ್ಷದಿಂದ ಕೊರೆಯುತ್ತಿರುವ ಒಂದು ವಿಷಯ ಇದೆ, ಇವತ್ತು ಬರೆದುಬಿಡುತ್ತೇನೆ.

ನಮ್ಮ ಡಿಸ್ಟ್ರಿಕ್ಟ್‌ನಲ್ಲಿ ಹೈವೇ ಆಚೆ ಒಂದು ಸ್ಕೂಲು ಮುಚ್ಚಿದರು. ಅಲ್ಲಿಯ ಅಪ್ಪ ಅಮ್ಮಂದಿರು ಹೋಟೆಲಿನಲ್ಲಿ, ಮನೆ ಕ್ಲೀನಿಂಗ್‌ನಲ್ಲಿ, ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವವರು. ಸಭೆಗೆ ಹನ್ನೊಂದು ಜನ ಬಂದಿದ್ದರಂತೆ. ನಮ್ಮ ವಾಟ್ಸ್‌ಆಪ್ ಗುಂಪಿನಲ್ಲಿ ನಾನ್ನೂರು ಜನ ಇದ್ದೇವೆ. ಆ ಸಭೆಯ ನೋಟೀಸನ್ನು ಯಾರೋ ಗುಂಪಿಗೆ ಹಾಕಿದ್ದರು ಕೂಡ. ಒಬ್ಬರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಮರು ವರ್ಷ ನಮ್ಮ ಕಡೆ ಗಡಿ ಬದಲಾಯಿಸುತ್ತೇವೆ ಅಂದಾಗ ಇನ್ನೂರೈವತ್ತು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಹೋದೆವು, ಎಕ್ಸೆಲ್ ಶೀಟ್ ತೋರಿಸಿದೆವು, ವಕೀಲರ ಪತ್ರ ಕೊಟ್ಟೆವು. ಬೋರ್ಡು ನಮ್ಮ ಮಾತು ಕೇಳಿತು. ಗಡಿ ಬದಲಾಗಲಿಲ್ಲ.

ಡಿಸ್ಟ್ರಿಕ್ಟ್ ಯಾರ ಮಾತನ್ನೂ ಕೇಳುವುದಿಲ್ಲ ಅಂತ ನಾನು ಹೇಳಲಾರೆ. ನಮ್ಮ ಮಾತು ಕೇಳಿತು. ಹೈವೇ ಆಚೆಯವರ ಮಾತು ಕೇಳಲಿಲ್ಲ. ನಾವು ಗೆದ್ದದ್ದರಿಂದ ಇನ್ಯಾರದೋ ಸ್ಕೂಲಿಗೆ ಏನಾಯಿತು ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ.

ಎರಡು ಮಕ್ಕಳ ಅಪ್ಪ:

ಇದಕ್ಕೆ ನನ್ನ ಬಳಿ ಈಗ ಉತ್ತರ ಇಲ್ಲ. ಯೋಚಿಸುತ್ತೇನೆ.

ಕಾನೂನು ಪುಸ್ತಕ:

ತುಂಗಾತೀರ ಮೇಡಂ, ಕೆಲವು ವಿಷಯ ನಿಮಗೆ ಉಪಯೋಗಕ್ಕೆ ಬರಬಹುದು. ಎಲ್ಲ ಕ್ಯಾಲಿಫೋರ್ನಿಯಾದ್ದು.

ಬೋರ್ಡಿನವರು ಸುಮ್ಮನೆ ಕೂತಿದ್ದಕ್ಕೆ ಒಂದು ಕಾರಣ ಬ್ರೌನ್ ಆಕ್ಟ್ ಇರಬಹುದು. 1953ರ ಕಾನೂನು. ಬೋರ್ಡು ಮುಚ್ಚಿದ ಬಾಗಿಲ ಹಿಂದೆ ತೀರ್ಮಾನ ಮಾಡಬಾರದು ಅಂತ ತಂದದ್ದು. ಮಾಮೂಲಿ ಸಭೆಯ ವಿಷಯಪಟ್ಟಿಯನ್ನು 72 ಗಂಟೆ ಮೊದಲೇ ಹಾಕಬೇಕು, ಪಟ್ಟಿಯಲ್ಲಿ ಇಲ್ಲದ ವಿಷಯದ ಮೇಲೆ ಚರ್ಚೆ ಮಾಡಬಾರದು. ಜನ ಪಟ್ಟಿಯ ಹೊರಗಿನ ಮಾತು ಎತ್ತಿದರೆ ಚಿಕ್ಕದಾಗಿ ಉತ್ತರಿಸಬಹುದು ಅಷ್ಟೇ. ಆದರೆ ಶಾಲೆ ಮುಚ್ಚುವ ವಿಷಯ ಪಟ್ಟಿಯಲ್ಲೇ ಇದ್ದರೆ ಅವರು ಮಾತಾಡಲು ಯಾವ ಅಡ್ಡಿಯೂ ಇಲ್ಲ. ನಿನ್ನೆಯ ಪಟ್ಟಿ ತೆಗೆದು ನೋಡಿ.

ಆ ಅಜ್ಜಿಯ ವಿಷಯ ನನಗೆ ತುಂಬಾ ನೋವಾಯಿತು. ಅದೇ ಕಾನೂನಿನ ಪ್ರಕಾರ, ಮಾತಿಗೆ ಸಮಯ ಮಿತಿ ಹಾಕಿದರೆ ಅನುವಾದಕರ ಮೂಲಕ ಮಾತಾಡುವವರಿಗೆ ಕನಿಷ್ಠ ಎರಡರಷ್ಟು ಸಮಯ ಕೊಡಬೇಕು. ಹೆಡ್‌ಫೋನಿನಲ್ಲಿ ಜೊತೆಜೊತೆಗೇ ಅನುವಾದ ಬೋರ್ಡಿಗೆ ಕೇಳಿಸುತ್ತಿದ್ದರೆ ಮಾತ್ರ ಬೇಡ. ನೀವು ಹೇಳಿದ ಪ್ರಕಾರ ಅಜ್ಜಿ ಹೇಳುವುದು, ಆಮೇಲೆ ಅನುವಾದ, ಹೀಗೆ ನಡೆದಿದೆ. ಅಂದರೆ ಅವರಿಗೆ ಎರಡು ನಿಮಿಷ ಸಿಗಬೇಕಿತ್ತು. ಮುಂದಿನ ಸಲ ಸಭೆ ಶುರುವಾಗುವ ಮೊದಲೇ ಅಧ್ಯಕ್ಷರ ಹತ್ತಿರ ಹೋಗಿ ಇದನ್ನು ಹೇಳಿ.

ಇನ್ನೊಂದು. ಡಿಸ್ಟ್ರಿಕ್ಟ್ ಮೂರು ವರ್ಷದ ಹಣದ ಮತ್ತು ಗುರಿಗಳ ಪ್ಲಾನು ಮಾಡುತ್ತದೆ, ಎಲ್‌ಕ್ಯಾಪ್ ಅನ್ನುತ್ತಾರೆ, ಅದನ್ನು ಪ್ರತಿ ವರ್ಷ ತಿದ್ದಿ ಜುಲೈ 1ರೊಳಗೆ ಮುಗಿಸಬೇಕು. ಅದನ್ನು ಪೋಷಕರ ಸಲಹಾ ಸಮಿತಿಯ ಮುಂದೆ ಇಡಬೇಕು. ಸಮಿತಿ ಏನಾದರೂ ಹೇಳಿದರೆ ಸೂಪರಿಂಟೆಂಡೆಂಟ್ ಬರವಣಿಗೆಯಲ್ಲಿ ಉತ್ತರ ಕೊಡಲೇಬೇಕು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಒಂದು ನಿಮಿಷದ ಮಾತು ಗಾಳಿಗೆ ಹೋಗುತ್ತದೆ, ಸಮಿತಿಯ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬರುತ್ತದೆ.

ಶಾಲೆ ಮುಚ್ಚಿದ ಮೇಲೆ ಆ ಜಾಗ ಮಾರುವುದೋ ಬಾಡಿಗೆಗೆ ಕೊಡುವುದೋ ಅನ್ನುವಾಗ ಏಳರಿಂದ ಹನ್ನೊಂದು ಜನರ ಒಂದು ಊರಿನ ಸಮಿತಿ ಮಾಡಬೇಕು ಅಂತಲೂ ಇದೆ. ಅಂದರೆ ಖಾಲಿ ಕಟ್ಟಡ ಏನು ಮಾಡೋಣ ಅಂತ ಕೇಳಲು ಕಾನೂನಿದೆ. ಮುಚ್ಚುವ ಮೊದಲು ಕೇಳುವ ಗಟ್ಟಿ ಕಾನೂನು ಎಲ್ಲ ಡಿಸ್ಟ್ರಿಕ್ಟ್‌ಗಳಿಗೆ ಇಲ್ಲ. ಓಕ್‌ಲ್ಯಾಂಡ್‌ನಲ್ಲಿ 2022ರ ಫೆಬ್ರವರಿಯಲ್ಲಿ, ಪಟ್ಟಿ ಹೊರಗೆ ಬಂದ ಕೆಲವೇ ದಿನಗಳಲ್ಲಿ ವೋಟು ಹಾಕಿದರು, ಶಾಲೆಯ ಇಬ್ಬರು ಸಿಬ್ಬಂದಿ ಉಪವಾಸ ಕೂತರು. ಅದರ ನಂತರ ಎಬಿ 1912 ಅನ್ನುವ ರಾಜ್ಯದ ಕಾನೂನು ಬಂತು. ಹಣದ ತೊಂದರೆಯಲ್ಲಿರುವ ಡಿಸ್ಟ್ರಿಕ್ಟ್ ಶಾಲೆ ಮುಚ್ಚುವ ಮೊದಲು ಯಾವ ಮಕ್ಕಳಿಗೆ ಏನು ಪೆಟ್ಟು ಬೀಳುತ್ತದೆ ಅಂತ ಅಧ್ಯಯನ ಮಾಡಬೇಕು, ಜನರನ್ನು ಸೇರಿಸಿಕೊಳ್ಳಬೇಕು. ಓಕ್‌ಲ್ಯಾಂಡ್‌ನಲ್ಲಿ ಆ ವರ್ಷ ಬೋರ್ಡಿನ ಚುನಾವಣೆ ಆಯಿತು. 2023ರ ಜನವರಿಯಲ್ಲಿ ಹೊಸ ಬೋರ್ಡು ಉಳಿದ ಶಾಲೆಗಳ ಮುಚ್ಚುವಿಕೆಯನ್ನು ರದ್ದು ಮಾಡಿತು.

ಸಕಲೇಶಪುರ ಮೇಷ್ಟ್ರು:

ನನ್ನ ತಂಗಿ ಅಮೆರಿಕದಲ್ಲಿದ್ದಾಳೆ, ಅವಳು ಈ ಚರ್ಚೆ ಕಳಿಸಿದಳು. ನಾನು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು. ಎರಡು ಮಾತು.

ನಮ್ಮಲ್ಲಿ ಕಾಗದದ ಮೇಲೆ ನಿಮಗಿಂತ ಜಾಸ್ತಿ ಹಕ್ಕಿದೆ. 2001ರಲ್ಲೇ ಪ್ರತಿ ಶಾಲೆಗೂ ಎಸ್‌ಡಿಎಂಸಿ, ಅಂದರೆ ಶಾಲೆ ನೋಡಿಕೊಳ್ಳುವ ಊರಿನವರ ಸಮಿತಿ, ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಅಪ್ಪ ಅಮ್ಮಂದಿರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು ಅಂತ ಹೇಳಿದೆ. ಶಾಲಾ ಅಭಿವೃದ್ಧಿ ಯೋಜನೆಯನ್ನು ಸಮಿತಿಯೇ ತಯಾರಿಸಬೇಕು, ಮೂರು ವರ್ಷದ್ದು. ಆದರೆ ಏನಾಗುತ್ತದೆ? ಸೋಮವಾರ ಫಾರಂ ಬರುತ್ತದೆ, ಬುಧವಾರ ಕೊಡಿ ಅನ್ನುತ್ತಾರೆ. ಹೆಡ್‌ಮಾಸ್ಟರ್ ರಾತ್ರಿ ಕೂತು ತುಂಬುತ್ತಾರೆ. ಬೆಳಗ್ಗೆ ಹುಡುಗನನ್ನು ಕಳಿಸಿ ಮನೆಮನೆಯಲ್ಲಿ ಸಹಿ ಹಾಕಿಸಿಕೊಂಡು ಬರುವುದು. ನಾನೂ ಹೀಗೆ ಮಾಡಿದ್ದೇನೆ, ಅನೇಕ ವರ್ಷ.

ಒಂದು ವರ್ಷ ಮಾತ್ರ ಬೇರೆ ರೀತಿ ಆಯಿತು. ನಮ್ಮ ಶಾಲೆಯ ಮಕ್ಕಳ ತಾಯಂದಿರು ಹೆಚ್ಚಿನವರು ಕಾಫಿ ತೋಟದ ಕೆಲಸದವರು. ಸಭೆ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಅವರಿಗೆ ಆ ದಿನದ ಕೂಲಿ ಹೋಗುತ್ತದೆ. ಹಣ್ಣು ಕೊಯ್ಯುವ ಕಾಲದಲ್ಲಂತೂ ಸಾಧ್ಯವೇ ಇಲ್ಲ. ಹಾಗಾಗಿ ಭಾನುವಾರ ಸಂತೆ ಮುಗಿಸಿ ಬರುವ ಹೊತ್ತಿಗೆ ಸಭೆ ಇಟ್ಟೆ. ಒಂಬತ್ತು ಜನ ತಾಯಂದಿರು ಸಂತೆ ಚೀಲ ಹಿಡಿದುಕೊಂಡೇ ಬಂದರು. ಆಗ ಹೊಸ ಕೊಠಡಿ ಮಂಜೂರಾಗಿತ್ತು, ಎಂಜಿನಿಯರ್ ಬಂದು ಜಾಗಕ್ಕೆ ಗೂಟ ಹೊಡೆದು ಹೋಗಿದ್ದರು. ಒಬ್ಬ ತಾಯಿ ಹೊರಗೆ ನೋಡಿ, ಮೇಷ್ಟ್ರೇ ಆ ಜಾಗದಲ್ಲಿ ಆಷಾಢದಲ್ಲಿ ಜಲ ಏಳುತ್ತದೆ, ನಾವು ಚಿಕ್ಕವರಿದ್ದಾಗ ಅಲ್ಲೇ ಏಡಿ ಹಿಡಿಯುತ್ತಿದ್ದೆವು ಅಂದರು. ನಾನು ಎಂಟು ವರ್ಷದಿಂದ ಆ ಶಾಲೆಯಲ್ಲಿದ್ದೆ, ನನಗೆ ಗೊತ್ತಿರಲಿಲ್ಲ. ಬರೆದು ಕಳಿಸಿದೆವು. ಗೂಟ ಮೂವತ್ತು ಅಡಿ ಮೇಲಕ್ಕೆ ಹೋಯಿತು. ಆ ಕೊಠಡಿಯ ಗೋಡೆ ಇವತ್ತಿಗೂ ಒಣಗಿದೆ.

ಹುಬ್ಬಳ್ಳಿಯವರು ಹೇಳಿದ ರಸ್ತೆಯ ವಿಡಿಯೋ ಓದಿದಾಗ ಆ ಒರತೆ ನೆನಪಾಯಿತು.

ಡಲ್ಲಾಸ್ ಹುಬ್ಬಳ್ಳಿ:

ಮೇಷ್ಟ್ರೇ, ನಮಸ್ಕಾರ. ಆ ತಾಯಿ ಮಾತಾಡಿದ್ದು ನೀವು ಸಭೆಯನ್ನು ಭಾನುವಾರಕ್ಕೆ ತಂದದ್ದರಿಂದ. ನಮ್ಮ ಕಮಿಟಿಯ ಸಭೆಗಳೆಲ್ಲ ವಾರದ ದಿನ ಸಂಜೆ ಆರಕ್ಕೆ. ಅಡುಗೆ ಹೊತ್ತು. ಮಕ್ಕಳನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ವಿಡಿಯೋ ತಂದ ಆ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಮಾತಾಡಿದ್ದು ಈಗ ನೆನಪಾಗುತ್ತಿದೆ.

ಲೆಕ್ಕದ ಮನುಷ್ಯ:

ನಾನು ಮೊದಲು ಬರೆದದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಹಣದ ಲೆಕ್ಕ ಇನ್ನೂ ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಲೆಕ್ಕದಲ್ಲಿ ಬಾರದ ಖರ್ಚು ಇದೆ ಅಂತ ಈಗ ಅನ್ನಿಸುತ್ತಿದೆ. ಆರು ಲೇನಿನ ರಸ್ತೆಗೆ ಸ್ಪ್ರೆಡ್‌ಶೀಟಿನಲ್ಲಿ ಕಾಲಂ ಇಲ್ಲ. ಮುಚ್ಚಿದ ಮೇಲೆ ಎಷ್ಟು ಸಂಸಾರ ಡಿಸ್ಟ್ರಿಕ್ಟ್ ಬಿಟ್ಟು, ಸರ್ಕಾರದ ಹಣದಲ್ಲಿ ಬೇರೆಯವರು ನಡೆಸುವ ಚಾರ್ಟರ್ ಸ್ಕೂಲಿಗೆ ಹೋಗುತ್ತಾರೆ ಅನ್ನುವುದಕ್ಕೂ ಇಲ್ಲ. ಅವರು ಹೋದರೆ ಹಣವೂ ಅವರ ಜೊತೆ ಹೋಗುತ್ತದೆ. ತುಂಗಾತೀರ ಅಕ್ಕ, ನೀವು ಉಳಿತಾಯದ ಲೆಕ್ಕ ಕೇಳುವಾಗ ಇದನ್ನೂ ಸೇರಿಸಿ ಕೇಳಿ. ಬೇಕಾದರೆ ಪ್ರಶ್ನೆಗಳನ್ನು ನಾನು ಬರೆದುಕೊಡುತ್ತೇನೆ.

ತುಂಗಾತೀರ:

ಮೂರು ವಾರ ಆಯಿತು. ಏನಾಯಿತು ಅಂತ ಕೆಲವರು ಮೆಸೇಜ್ ಮಾಡಿ ಕೇಳಿದಿರಿ, ಅದಕ್ಕೆ ಬರೆಯುತ್ತಿದ್ದೇನೆ.

ಲೆಕ್ಕದ ಮನುಷ್ಯ ಅವರು ಬರೆದುಕೊಟ್ಟ ಏಳು ಪ್ರಶ್ನೆಗಳನ್ನು ಪೋಷಕರ ಸಲಹಾ ಸಮಿತಿಯ ಮೂಲಕ ಕಳಿಸಿದೆವು. ನಮ್ಮ ಸ್ಕೂಲಿನಿಂದ ಆ ಸಮಿತಿಯಲ್ಲಿ ಒಂದು ಸ್ಥಾನ ಒಂದೂವರೆ ವರ್ಷದಿಂದ ಖಾಲಿ ಇತ್ತಂತೆ. ಈಗ ನಾನೇ ಸೇರಿಕೊಂಡಿದ್ದೇನೆ. ಐದು ಪ್ರಶ್ನೆಗೆ ಉತ್ತರ ಬರವಣಿಗೆಯಲ್ಲಿ ಬಂತು. ಉಳಿತಾಯ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ, ಆದರೆ ಸೊನ್ನೆ ಅಲ್ಲ. ಎರಡಕ್ಕೆ ಇನ್ನೂ ಲೆಕ್ಕ ಮಾಡಿಲ್ಲ ಅಂತ ಒಪ್ಪಿಕೊಂಡಿದ್ದಾರೆ. ವೋಟು ಆರು ವಾರ ಮುಂದಕ್ಕೆ ಹೋಗಿದೆ. ಸ್ಕೂಲು ಉಳಿಯುತ್ತದಾ ಗೊತ್ತಿಲ್ಲ. ಮುಚ್ಚಬಹುದು ಅಂತಲೇ ನನಗೆ ಅನ್ನಿಸುತ್ತದೆ. ಮಗಳಿಗೂ ಮೆಲ್ಲಗೆ ಹೇಳುತ್ತಿದ್ದೇನೆ.

ಆ ಅಜ್ಜಿಯನ್ನು ಹುಡುಕಿ ಮಾತಾಡಿಸಿದೆ. ನನಗೆ ಸ್ಪ್ಯಾನಿಷ್ ಬರುವುದಿಲ್ಲ, ಅವರ ಐದನೇ ಕ್ಲಾಸಿನ ಮೊಮ್ಮಗ ನಮ್ಮಿಬ್ಬರಿಗೂ ಅನುವಾದ ಮಾಡಿದ. ಆ ದಿನ ಚೀಟಿಯಲ್ಲಿ ಏನಿತ್ತು ಅಂತ ಕೇಳಿದೆ. ಪರ್ಸಿನಿಂದ ತೆಗೆದು ತೋರಿಸಿದರು, ಇನ್ನೂ ಅಲ್ಲೇ ಇತ್ತು. ಚಿಕ್ಕ ಮೊಮ್ಮಗನಿಗೆ ಮಾತು ಸ್ಪಷ್ಟವಾಗಿ ಬರುವುದಿಲ್ಲ. ನಮ್ಮ ಸ್ಕೂಲಿನಲ್ಲಿ ಅವನಿಗೆ ಮಾತಿನ ಟೀಚರ್ ವಾರಕ್ಕೆ ಎರಡು ದಿನ ಸಿಗುತ್ತಾರೆ. ಹೊಸ ಸ್ಕೂಲಿಗೂ ಆ ಟೀಚರ್ ಬರುತ್ತಾರಾ, ಅದೇ ಟೀಚರ್ ಬರುತ್ತಾರಾ, ಅಷ್ಟೇ ಅವರ ಪ್ರಶ್ನೆ. ಎ, ಬಿ, ಸಿ ಮೂರು ಪ್ಲಾನಿನಲ್ಲೂ ಇದರ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಏಳು ಪ್ರಶ್ನೆಯಲ್ಲೂ ಇರಲಿಲ್ಲ. ಈಗ ಎಂಟನೆಯದಾಗಿ ಸೇರಿಸಿದ್ದೇವೆ.

ಮುಂದಿನ ಸಭೆ ಗುರುವಾರ ಸಂಜೆ ಆರೂವರೆಗೆ. ಅನುವಾದಕ್ಕೆ ಎರಡರಷ್ಟು ಸಮಯ ಕೊಡಬೇಕು ಅನ್ನುವ ಕಾನೂನಿನ ಸಾಲನ್ನು ಪ್ರಿಂಟ್ ಮಾಡಿ ಇಟ್ಟುಕೊಂಡಿದ್ದೇನೆ. ಅಜ್ಜಿಯನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ನಮ್ಮ ಊರಿನಲ್ಲೂ ಹೈವೇ ಆಚೆಯಿಂದ ಇನ್ನೂ ನಾಲ್ಕು ಜನ ಬರುತ್ತೇವೆ ಅಂದಿದ್ದಾರೆ, ಅವರಿಗೆ ಕಾರಿಲ್ಲ. ನನ್ನ ಕಾರಿನಲ್ಲಿ ಎರಡು ಸೀಟು ಮಾತ್ರ ಉಳಿದಿದೆ. ಈ ಕಡೆ ಇರುವವರು ಯಾರಾದರೂ ಬರುತ್ತೀರಾ? ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಸಿಕ್ಕಿದರೂ ಉಪಕಾರ.

ಎರಡು ಮಕ್ಕಳ ಅಪ್ಪ:

ನಾನು ಪಕ್ಕದ ಊರಿನಲ್ಲೇ ಇದ್ದೇನೆ. ನಮ್ಮದು ಏಳು ಸೀಟಿನ ಗಾಡಿ. ಐದೂಮುಕ್ಕಾಲಿಗೆ ಹೊರಟರೆ ಸಾಕಾ? ವಿಳಾಸ ಮೆಸೇಜ್ ಮಾಡಿ. ನನ್ನ ಹೆಂಡತಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ ಅಂದಿದ್ದಾಳೆ, ಎಷ್ಟು ಮಕ್ಕಳು ಅಂತ ಹೇಳಿದರೆ ಚಿತ್ರಾನ್ನ ಅಷ್ಟಕ್ಕೆ ಮಾಡುತ್ತಾಳೆ.